‘ಅಪಾರ’ ಅಂದರೆ ಎಷ್ಟು?

ಪ್ರಿಯ ಲೇಖಕರೇ,

ನೀವು ಕಳಿಸಿದ ‘ಕಾರ್ಮಿಕರ ಧ್ರುವತಾರೆ ಕೀರ್ ಹಾರ್ಡಿ’ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಬಸ್ಸಿನಲ್ಲಿ, ಎರಡನೇ ಸಲ ಕೆಂಪು ಪೆನ್ನು ಹಿಡಿದು. ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಒಬ್ಬ ಗಣಿ ಕೆಲಸಗಾರ ಯೂನಿಯನ್ ಕಟ್ಟಿ, ಪಾರ್ಲಿಮೆಂಟಿಗೆ ಹೋಗಿ, ಬ್ರಿಟನ್ನಿನ ಲೇಬರ್ ಪಕ್ಷ ಹುಟ್ಟುಹಾಕಿದವರಲ್ಲಿ ಒಬ್ಬರಾದ ಕತೆಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನಿಸಿತಲ್ಲ, ಅದು ಖುಷಿ. ಇಸವಿಗಳು ಸರಿಯಿವೆ. ಕಾಗುಣಿತದ ತಪ್ಪು ಕಡಿಮೆ. ಇನ್ನು ಜಗಳಕ್ಕೆ ಬರುತ್ತೇನೆ.

ನಿಮ್ಮ ಎರಡನೇ ಪ್ಯಾರಾ ಹೀಗಿದೆ: ‘ಕಡುಬಡತನದಲ್ಲಿ ಜನಿಸಿದ ಹಾರ್ಡಿಯವರು ಎಳವೆಯಲ್ಲಿಯೇ ಹಲವು ಉದ್ಯೋಗಗಳನ್ನು ಮಾಡಿ, ಹತ್ತನೇ ವಯಸ್ಸಿನಲ್ಲಿ ಗಣಿ ಸೇರಿ, ಅಪಾರ ಕಷ್ಟಗಳನ್ನು ಅನುಭವಿಸಿದರು.’

‘ಹಲವು ಉದ್ಯೋಗಗಳು’. ಯಾವುವು ಮಾರಾಯರೇ? ಗ್ಲಾಸ್ಗೋದ ಒಂದು ಬೇಕರಿಯಲ್ಲಿ ಬ್ರೆಡ್ಡು ಹೊತ್ತು ಮನೆಮನೆಗೆ ಕೊಡುತ್ತಿದ್ದ ಹುಡುಗ ಅವನು. ಮಲತಂದೆಗೆ ಕೆಲಸವಿಲ್ಲ. ತಾಯಿ ತುಂಬು ಬಸುರಿ. ತಮ್ಮನಿಗೆ ಕಾಯಿಲೆ. ಮನೆಗೆ ಬರುತ್ತಿದ್ದದ್ದು ಈ ಹುಡುಗನ ಕೂಲಿ ಒಂದೇ. ರಾತ್ರಿಯೆಲ್ಲ ತಮ್ಮನ ಪಕ್ಕ ಎಚ್ಚರವಿದ್ದು ಬೆಳಿಗ್ಗೆ ಕೆಲಸಕ್ಕೆ ತಡವಾಯಿತು. ಮಾಲೀಕ ಮಹಡಿಗೆ ಕರೆಸಿದ. ಅಲ್ಲಿ ಮನೆಯವರೆಲ್ಲ ತಿಂಡಿಯ ಮೇಜಿನ ಸುತ್ತ ಕೂತಿದ್ದರು. ದೈವಭಕ್ತ ಅಂತ ಹೆಸರಾದ ಆ ಮಾಲೀಕ ಹುಡುಗನನ್ನು ಕೆಲಸದಿಂದ ತೆಗೆದ. ಮೇಲೆ ವಾರದ ಕೂಲಿಯನ್ನೂ ದಂಡ ಅಂತ ಹಿಡಿದುಕೊಂಡ. ಇದನ್ನು ಹಾರ್ಡಿಯೇ ಮುಂದೆ ಹೇಳಿಕೊಂಡಿದ್ದಾರೆ. ನೀವು ಇಷ್ಟನ್ನೂ ‘ಹಲವು’ ಅನ್ನೋ ಮೂರಕ್ಷರದಲ್ಲಿ ಮುಗಿಸಿದ್ದೀರಿ.

‘ಗಣಿ ಸೇರಿ’. ಸೇರಿ ಏನು ಮಾಡಿದ? ಬಾಗಿಲು ಕಾದ. ಕಲ್ಲಿದ್ದಲು ಗಣಿಯೊಳಗೆ ಗಾಳಿ ತಾನಾಗಿ ತಿರುಗುವುದಿಲ್ಲ. ಕಲ್ಲಿದ್ದಲು ಕಡಿಯುವ ಕೊನೆಯ ಜಾಗದವರೆಗೂ ಅದು ಹೋಗಬೇಕಾದರೆ ದಾರಿದಾರಿಗೆ ಮರದ ಬಾಗಿಲು ಹಾಕಿ, ಮುಚ್ಚಿಯೇ ಇಡಬೇಕು. ಕಲ್ಲಿದ್ದಲಿನ ಗಾಡಿ ಬಂದಾಗ ಮಾತ್ರ ತೆಗೆಯಬೇಕು, ಹೋದ ಕೂಡಲೇ ಮುಚ್ಚಬೇಕು. ತೆರೆದೇ ಬಿಟ್ಟರೆ ಒಳಗಿನವರಿಗೆ ಗಾಳಿ ಕಡಿಮೆಯಾಗುತ್ತದೆ, ವಿಷಗಾಳಿ ಕೂಡುತ್ತದೆ. ಅದಕ್ಕೆ ಒಬ್ಬ ಹುಡುಗ. ದಿನಕ್ಕೆ ಹತ್ತು ಗಂಟೆ, ಕತ್ತಲಲ್ಲಿ, ಒಬ್ಬನೇ. ದೊಡ್ಡವರ ಜೀವ ಹತ್ತು ವರ್ಷದವನ ಕೈಯಲ್ಲಿ! ಇದು ಬಿಟ್ಟು ಬೇರೆ ‘ಅಪಾರ’ ಯಾಕೆ ಬೇಕಿತ್ತು ನಿಮಗೆ? ಅವರು ಹುಟ್ಟಿದ್ದು 1856ರ ಆಗಸ್ಟ್ 15, ನಮ್ಮ ಸ್ವಾತಂತ್ರ್ಯದ ದಿನ ಅನ್ನೋದಕ್ಕೆ ಐದು ಸಾಲು ಕೊಟ್ಟಿದ್ದೀರಿ. ಬಾಗಿಲಿಗೆ ಒಂದೂ ಇಲ್ಲ.

ಈ ಪದದ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಪತ್ರಿಕೆಗೆ ಸೇರಿ ಮೂರು ತಿಂಗಳಾಗಿತ್ತು. ದಾವಣಗೆರೆಯಲ್ಲಿ ಹತ್ತಿ ಗಿರಣಿಯ ಹಳೆಯ ಯೂನಿಯನ್ ಮುಖಂಡರೊಬ್ಬರು ತೀರಿಕೊಂಡರು. ಹೋಗಿ ಬಂದು ಅರ್ಧ ಗಂಟೆಯಲ್ಲಿ ಬರೆದು ಕೊಟ್ಟೆ. ಕೊನೆಯ ಸಾಲು ನಿಮಗೂ ಬಾಯಿಪಾಠ ಇರುತ್ತದೆ: ‘ಮೃತರು ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ನಮ್ಮ ಡೆಸ್ಕಿನ ಹಿರಿಯರು ಕನ್ನಡಕ ಮೇಲೆತ್ತಿ ‘ಅಪಾರ ಅಂದ್ರೆ ಎಷ್ಟಯ್ಯಾ?’ ಅಂದರು. ನಾನು ಸುಮ್ನೆ ನಿಂತೆ. ‘ಹೋಗಲಿ, ಗಿರಣಿಯಲ್ಲಿ ಏನು ಕೆಲಸ ಮಾಡ್ತಿದ್ದ ಆಯಪ್ಪ?’ ‘ಕಾರ್ಮಿಕರಾಗಿದ್ದರು ಸಾರ್.’ ‘ಅದೊಂದು ಕೆಲಸವೇನೋ?’

ಮತ್ತೆ ಸೈಕಲ್ ಹತ್ತಿದೆ. ಮನೆಯಲ್ಲಿ ಇದ್ದದ್ದು ಹೆಂಡತಿ, ಮಗಳು, ಹಿತ್ತಲಲ್ಲಿ ಒಂದು ಆಕಳು. ಬಂಧುಬಳಗ ಅಷ್ಟೇ. ಅವರು ನೂಲುವ ಖಾತೆಯಲ್ಲಿದ್ದವರು, ಹರಿದ ಎಳೆಗೆ ಎಳೆ ಕೂಡಿಸುವ ಕೆಲಸ ಅಂತ ಮಗಳು ಹೇಳಿದಳು. ಗಿರಣಿ ಬಿಟ್ಟು ಎಷ್ಟೋ ವರ್ಷವಾದರೂ ನಿದ್ದೆಯಲ್ಲಿ ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜುತ್ತಲೇ ಇರುತ್ತಿದ್ದವಂತೆ. ಹೊದಿಕೆಯ ಅಂಚು ಅಲ್ಲೇ ಸವೆದು ತೂತು ಬಿದ್ದಿತ್ತು. ಅದನ್ನು ತಂದು ತೋರಿಸಿದಳು. ನಾನು ಓಡಿ ಬರುವಷ್ಟರಲ್ಲಿ ಪುಟ ಹೋಗಿಬಿಟ್ಟಿತ್ತು. ಮಾರನೇ ದಿನ ಅಚ್ಚಾಗಿ ಬಂದದ್ದು ‘ಅಪಾರ ಬಂಧುಬಳಗ’ವೇ. ಆ ಕಟಿಂಗ್ ಇವತ್ತಿಗೂ ನನ್ನ ಡ್ರಾಯರಿನಲ್ಲಿದೆ.

ಸರಿ, ನಿಮ್ಮ ಐದನೇ ಪುಟಕ್ಕೆ ಬರೋಣ. ‘1894ರಲ್ಲಿ ಹಾರ್ಡಿಯವರು ಸಂಸತ್ತಿನಲ್ಲಿ ಸಿಂಹದಂತೆ ಗರ್ಜಿಸಿದರು.’ ಯಾವುದಕ್ಕೆ ಅಂತ ಹೇಳಿಲ್ಲ. ಓದುಗರಿಗೆ ಬರೀ ಸದ್ದು ಕೇಳಿಸುತ್ತದೆ.

ನಡೆದದ್ದು ಇಷ್ಟು. ಆ ವರ್ಷ ಜೂನ್ 23ರಂದು ಸೌತ್ ವೇಲ್ಸ್‌ನ ಕಿಲ್‌ವಿನಿತ್ ಎಂಬಲ್ಲಿ ಆಲ್ಬಿಯನ್ ಗಣಿ ಸಿಡಿದು 290 ಜನ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಕಾಮನ್ಸ್ ಸಭೆಯಲ್ಲಿ ಮಗುವಿಗೆ ಅಭಿನಂದನೆಯ ಗೊತ್ತುವಳಿ ಬಂತು. ಸತ್ತ ಗಣಿಗಾರರ ಮನೆಯವರಿಗೆ ಎರಡು ಮಾತು ಸಾಂತ್ವನವನ್ನೂ ಅದರ ಜೊತೆ ಸೇರಿಸಿ ಅಂತ ಹಾರ್ಡಿ ಕೇಳಿದರು. ಸೇರಿಸಲಿಲ್ಲ. ಆಗ ಎದ್ದು ಗೊತ್ತುವಳಿಯನ್ನೇ ವಿರೋಧಿಸಿದರು. ಈ ಹುಡುಗ ಹೊಗಳುಭಟರ ನಡುವೆ ಬೆಳೆಯುತ್ತಾನೆ, ಆಮೇಲೆ ಲೋಕ ಸುತ್ತಿಸುತ್ತಾರೆ, ಅಂತಸ್ತಿಗೆ ತಕ್ಕುದಲ್ಲದ ಮದುವೆಯ ಸುದ್ದಿ ಹಬ್ಬುತ್ತದೆ, ಬಿಲ್ಲು ಕಟ್ಟುವುದು ದೇಶ ಅಂದರು. ಸಭೆಯಲ್ಲಿ ಕೂಗಾಟವೋ ಕೂಗಾಟ. ಗರ್ಜಿಸಿದವರು ಉಳಿದವರು, ಹಾರ್ಡಿ ಅಲ್ಲ! ನಿಮ್ಮ ಸಿಂಹ ತಪ್ಪು ಬೆಂಚಿನಲ್ಲಿ ಕೂತಿದೆ. ಆ ಮಗುವೇ ಎಂಟನೇ ಎಡ್ವರ್ಡ್. ವಿಚ್ಛೇದಿತೆಯೊಬ್ಬರನ್ನು ಮದುವೆಯಾಗಲು 1936ರಲ್ಲಿ ಸಿಂಹಾಸನ ಬಿಟ್ಟ. ಅಷ್ಟು ಹೊತ್ತಿಗೆ ಹಾರ್ಡಿ ತೀರಿಕೊಂಡು ಇಪ್ಪತ್ತೊಂದು ವರ್ಷ.

ಅದಕ್ಕೂ ಮೊದಲು, 1888ರ ಮಿಡ್ ಲಾನಾರ್ಕ್ ಉಪಚುನಾವಣೆಯ ಬಗ್ಗೆ ‘ಹೀನಾಯ ಸೋಲು’ ಅಂದಿದ್ದೀರಿ. 617 ಓಟು ಅಂತ ಬರೆಯಿರಿ, ಹೀನಾಯವೋ ಅಲ್ಲವೋ ಓದುವವರು ನೋಡಿಕೊಳ್ಳುತ್ತಾರೆ. ನಾಲ್ಕು ಕಡೆ ‘ಸ್ಥಾಪಿಸಲ್ಪಟ್ಟಿತು’ ಅಂತಿದೆ. ನಾಲ್ಕನ್ನೂ ಹೊಡೆದಿದ್ದೇನೆ. ಪಕ್ಷ ತಾನೇ ತಾನಾಗಿ ಎಲ್ಲೂ ಸ್ಥಾಪನೆಯಾಗುವುದಿಲ್ಲ, ಲೇಬರ್ ಪಕ್ಷಕ್ಕೂ ಮೊದಲಿನ ಇಂಡಿಪೆಂಡೆಂಟ್ ಲೇಬರ್ ಪಾರ್ಟಿಯನ್ನು 1893ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಜನ ಸೇರಿ ಕಟ್ಟಿದ್ದು. 1907ರ ಭಾರತ ಪ್ರವಾಸ ಬೇರೆಯೇ ಲೇಖನವಾಗಬಹುದು. ಬಂಗಾಳ ಒಡೆದ ಸಿಟ್ಟು ಇನ್ನೂ ಆರದಿದ್ದ ಹೊತ್ತಿಗೆ ಬಂದು, ಭಾರತೀಯರ ಪರ ಮಾತಾಡಿ, ತಮ್ಮದೇ ದೇಶದ ಪತ್ರಿಕೆಗಳಿಂದ ಬೈಸಿಕೊಂಡರು. ಸದ್ಯಕ್ಕೆ ಅದನ್ನು ಪಕ್ಕಕ್ಕಿಡಿ.

ಇಡೀ ಲೇಖನದಲ್ಲಿ ನನ್ನನ್ನು ನಿಲ್ಲಿಸಿದ್ದು ಒಂದೇ ಸಾಲು: ದೀಪದ ಹೊಗೆಯಲ್ಲಿ ಸ್ಲೇಟು ಕಪ್ಪು ಮಾಡಿ, ಪಿನ್ನಿನಿಂದ ಗೀಚಿ ಗಣಿಯೊಳಗೇ ಶಾರ್ಟ್‌ಹ್ಯಾಂಡ್ ಕಲಿತ ಸಂಗತಿ. ಆ ಸಾಲಿನಲ್ಲಿ ಒಂದೂ ವಿಶೇಷಣ ಇಲ್ಲ, ನೋಡಿದಿರಾ? ಅದನ್ನು ನೀವು ಏಳನೇ ಪುಟದ ಅಡಿಯಲ್ಲಿ, ಆವರಣದೊಳಗೆ ಹಾಕಿದ್ದೀರಿ. ಆವರಣ ತೆಗೆದು ಮೊದಲ ಪುಟಕ್ಕೆ ತನ್ನಿ. ಬಾಗಿಲಿನ ಹುಡುಗನನ್ನು ಅದರ ಪಕ್ಕ ಕೂರಿಸಿ. ಹತ್ತು ಪುಟ ಇದ್ದದ್ದು ಆರಾದರೂ ತೊಂದರೆ ಇಲ್ಲ, ಈ ತಿಂಗಳ ಕೊನೆಯೊಳಗೆ ಕಳಿಸಿ. ‘ಧ್ರುವತಾರೆ’ಯನ್ನು ನಾನೇ ಹೊಡೆದುಹಾಕಿದ್ದೇನೆ. ಹೆಸರು ಬೇರೆ ಹುಡುಕಿ.