ಸಾಸೇಜ್ ಪಾಸ್ತಾದಲ್ಲಿ ಕ್ರೀಮ್ ಒಡೆಯದಿರಲು

ಸಾಸೇಜ್ ಪಾಸ್ತಾಗೆ ಟೊಮೆಟೊ ಹಾಕಿ ಕುದಿಸಿದಾಗ ಕ್ರೀಮ್ ಒಡೆದ ಹಾಲಿನಂತೆ ಕಾಳುಕಾಳಾಗುವುದುಂಟು. ನಮ್ಮಲ್ಲಿ ಸಿಗುವ ಪ್ಯಾಕೆಟ್ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸುಮಾರು 25% ಅಷ್ಟೇ. ಹುಳಿ ಮತ್ತು ಜೋರು ಉರಿ ಎರಡೂ ಒಟ್ಟಿಗೆ ಬಿದ್ದರೆ ಅದು ತಡೆಯುವುದಿಲ್ಲ. 35% ದಾಟಿದ ಕ್ರೀಮ್ ಆದರೆ ಬಹುಶಃ ಉಳಿಯುತ್ತದೆ.

ಇಬ್ಬರಿಗೆ 200 ಗ್ರಾಂ ಪೆನ್ನೆ (ಕೊಳವೆಯಾಕಾರದ ಪಾಸ್ತಾ), 250 ಗ್ರಾಂ ಚಿಕನ್ ಸಾಸೇಜ್, 100 ಮಿ.ಲೀ. ಕ್ರೀಮ್ ಸಾಕು. 2 ಲೀಟರ್ ನೀರಿಗೆ 20 ಗ್ರಾಂ ಉಪ್ಪು ಹಾಕಿ, ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ 2 ನಿಮಿಷ ಮೊದಲೇ ಪಾಸ್ತಾ ಬಸಿಯಿರಿ. ಒಂದು ಲೋಟ ಬಸಿದ ನೀರು ಎತ್ತಿಡಿ. ಅದರ ಗಂಜಿಯೇ ಸಾಸ್ ಒಡೆಯದಂತೆ ಹಿಡಿದಿಡುವುದು.

ಸಾಸೇಜನ್ನು ಬಿಲ್ಲೆ ಮಾಡಿ, ಅಗಲ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಒಂದೇ ಪದರದಲ್ಲಿ ಹರಡಿ ಕೆಂಪಗಾಗುವವರೆಗೆ ಹುರಿಯಿರಿ. ಒತ್ತೊತ್ತಾಗಿ ತುಂಬಿದರೆ ನೀರುಬಿಟ್ಟು ಬೇಯುತ್ತದೆ, ರುಚಿ ಬರಲ್ಲ. (ಹಸಿ ಸಾಸೇಜಾದರೆ ಸಿಪ್ಪೆ ಬಿಡಿಸಿ ಪುಡಿಮಾಡಿ, ಒಳಗೂ ಪೂರ್ತಿ ಬೇಯಿಸಿ.) ಅದನ್ನು ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಈರುಳ್ಳಿ, 4 ಎಸಳು ಬೆಳ್ಳುಳ್ಳಿ, ಆಮೇಲೆ 2 ದೊಡ್ಡ ಚಮಚ ಟೊಮೆಟೊ ಪ್ಯೂರಿ. ಎಣ್ಣೆ ಬಿಡುವವರೆಗೆ ಬಾಡಿಸಿ, ಹಸಿ ಹುಳಿ ಇಲ್ಲೇ ಹೋಗಬೇಕು.

ಈಗ ಅರ್ಧ ಲೋಟ ಬಸಿದ ನೀರು, ಪಾಸ್ತಾ, ಸಾಸೇಜ್ ಹಾಕಿ 2 ನಿಮಿಷ ಕುದಿಸಿ. ಉರಿ ತೀರಾ ಸಣ್ಣ ಮಾಡಿ, ಫ್ರಿಜ್ಜಿನಿಂದ ಮೊದಲೇ ಹೊರಗಿಟ್ಟ ಕ್ರೀಮ್ ಬೆರೆಸಿ. ಮತ್ತೆ ಕುದಿಸಬೇಡಿ. ಚೀಸ್ ಬೇಕಿದ್ದರೆ ಒಲೆ ಆರಿಸಿದ ಮೇಲೆ. ಸಾಸೇಜ್, ಚೀಸ್ ಎರಡರಲ್ಲೂ ಉಪ್ಪಿದೆ, ರುಚಿ ನೋಡದೆ ಮತ್ತೆ ಹಾಕಬೇಡಿ. ಬಡಿಸುವಷ್ಟರಲ್ಲಿ ಗಟ್ಟಿಯಾದರೆ ಉಳಿದ ನೀರು ಎರಡು ಚಮಚ ಸೇರಿಸಿ.