ಕ್ಲಚ್ ಪೆಡಲ್‌ನ ಸವೆದ ಬುಷ್: ಮನೆಯಲ್ಲಿಯೇ ಬದಲಿಸಬಹುದೇ?

ಪ್ರಶ್ನೆ: ನನ್ನ ಕಾರು ಸಾಕಷ್ಟು ಹಳೆಯದು. ಕೆಲವು ತಿಂಗಳಿಂದ ಕ್ಲಚ್ ಒತ್ತಿದಾಗಲೆಲ್ಲ ಪೆಡಲ್‌ನ ಮೇಲ್ಭಾಗದಿಂದ ಕಿರ್ ಎಂಬ ಸದ್ದು ಬರುತ್ತಿದೆ. ಪೆಡಲ್ ಎಡಕ್ಕೂ ಬಲಕ್ಕೂ ಅಲುಗಾಡುತ್ತದೆ; ಒತ್ತಲು ಆರಂಭಿಸಿದ ಮೇಲೆ ಸ್ವಲ್ಪ ದೂರ ಯಾವ ತಡೆಯೂ ಸಿಗುವುದಿಲ್ಲ. ರಿವರ್ಸ್ ಗೇರ್ ಹಾಕುವಾಗ ಕೆಲವೊಮ್ಮೆ ಕರಕರ ಎನ್ನುತ್ತದೆ. ಕ್ಲಚ್ ಪ್ಲೇಟನ್ನೇ ಬದಲಿಸಬೇಕೆಂದು ಒಬ್ಬರೂ, ಪೆಡಲ್‌ನ ಬುಷ್ ಹಾಕಿದರೆ ಸಾಕೆಂದು ಇನ್ನೊಬ್ಬರೂ ಹೇಳುತ್ತಾರೆ. ನನ್ನ ಬಳಿ ಸಾಮಾನ್ಯ ಉಪಕರಣಗಳಿವೆ, ಸಣ್ಣಪುಟ್ಟ ರಿಪೇರಿ ಮಾಡಿ ರೂಢಿಯಿದೆ. ಈ ಕೆಲಸವನ್ನು ಮನೆಯಲ್ಲಿ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಬಿಡಿಭಾಗ ಕೊಳ್ಳುವ ಮೊದಲು ಸವೆತ ಎಲ್ಲಿದೆ ಎಂಬುದನ್ನು ನೀವೇ ಕಣ್ಣಾರೆ ನೋಡಬೇಕು. ನೀವು ಹೇಳಿರುವ ಲಕ್ಷಣಗಳಲ್ಲಿ ಅಡ್ಡ ಅಲುಗಾಟ ಮತ್ತು ಮೇಲಿನಿಂದ ಬರುವ ಸದ್ದು ಎರಡೂ ಪೆಡಲ್‌ನವೇ; ಕ್ಲಚ್ ಪ್ಲೇಟ್‌ಗೂ ಅವಕ್ಕೂ ಸಂಬಂಧವಿಲ್ಲ. ಪ್ಲೇಟ್ ಸವೆದಿದ್ದರೆ ಅದು ಬೇರೆ ರೀತಿಯಲ್ಲಿ ತಿಳಿಯುತ್ತದೆ: ಏರಿನಲ್ಲಿ ಅಥವಾ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್‌ನ ವೇಗ ಏರುತ್ತದೆ, ಕಾರಿನ ವೇಗ ಏರುವುದಿಲ್ಲ. ರಿವರ್ಸ್ ಗೇರಿನ ಕರಕರ ಸದ್ದಿಗೆ ಮಾತ್ರ ಹಲವು ಕಾರಣಗಳಿರಬಹುದು. ಪೆಡಲ್‌ನ ಚಲನೆಯಲ್ಲಿ ಒಂದು ಭಾಗ ಸವೆತದಲ್ಲೇ ಕಳೆದುಹೋಗಿ ಕ್ಲಚ್ ಪೂರ್ತಿ ಬಿಡದಿರುವುದು ಅವುಗಳಲ್ಲಿ ಒಂದು.

ಪೆಡಲ್ ಒಂದು ಸನ್ನೆಕೋಲು. ಅದರ ಮೇಲ್ತುದಿ ಒಂದು ಶಾಫ್ಟ್‌ನ ಸುತ್ತ ತಿರುಗುತ್ತದೆ; ಇವೆರಡರ ನಡುವೆ ಕೂತು ಉಜ್ಜಾಟವನ್ನು ತಾಳಿಕೊಳ್ಳುವ ಬಳೆಯಂಥ ಭಾಗವೇ ಬುಷ್. ಅದಕ್ಕಿಂತ ಸ್ವಲ್ಪ ಕೆಳಗೆ ಮಾಸ್ಟರ್ ಸಿಲಿಂಡರಿನ (ಪೆಡಲ್‌ನ ಒತ್ತಡವನ್ನು ದ್ರವದ ಮೂಲಕ ಕ್ಲಚ್ಚಿನ ಕಡೆಗೆ ಕಳಿಸುವ ಭಾಗದ) ಪುಶ್‌ರಾಡ್ ಎಂಬ ಸರಳು ಒಂದು ಪಿನ್ನಿನಿಂದ, ಅಥವಾ ಅದರ ಬದಲು ಕೇಬಲ್, ಜೋಡಣೆಯಾಗಿರುತ್ತದೆ. ಕಾಲು ಒತ್ತುವುದು ತೀರ ಕೆಳತುದಿಯಲ್ಲಿ. ಕಾಲಿಗಿರುವ ದೂರ ಪುಶ್‌ರಾಡ್‌ಗಿರುವ ದೂರದ ಐದು ಪಟ್ಟು ಎಂದಿಟ್ಟುಕೊಳ್ಳಿ. ಆಗ ಕಾಲು 10 ಕಿಲೋ ಭಾರ ಹಾಕಿದರೆ ಪುಶ್‌ರಾಡ್‌ನ ಪಿನ್ನಿನ ಮೇಲೆ 50 ಕಿಲೋ, ಮೇಲಿನ ಶಾಫ್ಟ್ ಮತ್ತು ಬುಷ್‌ನ ಮೇಲೆ ಸುಮಾರು 40 ಕಿಲೋ ಭಾರ ಬೀಳುತ್ತದೆ. ಈ ಭಾರ ಪ್ರತಿ ಬಾರಿಯೂ ಒಂದೇ ದಿಕ್ಕಿನಲ್ಲಿ ಬೀಳುವುದರಿಂದ ಬುಷ್ ಸುತ್ತಲೂ ಸಮನಾಗಿ ಸವೆಯದೆ ಒಂದೇ ಬದಿಯಲ್ಲಿ ಸವೆದು ಮೊಟ್ಟೆಯಾಕಾರವಾಗುತ್ತದೆ. ನಷ್ಟವೂ ಅದೇ ಲೆಕ್ಕದಲ್ಲಿ ಹಿಗ್ಗುತ್ತದೆ: ಪಿನ್ನಿನ ತೂತು ಒಂದು ಮಿಲಿಮೀಟರ್ ಸವೆದರೆ ಕಾಲಿನ ಬಳಿ ಐದು ಮಿಲಿಮೀಟರ್ ಖಾಲಿ ಚಲನೆ, ಮೇಲಿನ ಬುಷ್ ಒಂದು ಮಿಲಿಮೀಟರ್ ಸವೆದರೆ ಇನ್ನೂ ಸುಮಾರು ನಾಲ್ಕು. ಬೆರಳಿಗೆ ಅಷ್ಟಾಗಿ ತಿಳಿಯದ ಸವೆತವೂ ಗೇರ್ ಹಾಕುವಾಗ ಗೊತ್ತಾಗುವುದು ಇದರಿಂದಲೇ. ಆದ್ದರಿಂದ ಬುಷ್ ಒಂದನ್ನೇ ಬದಲಿಸುವುದಕ್ಕಿಂತ ಬುಷ್, ಪಿನ್, ಕ್ಲಿಪ್ ಮೂರನ್ನೂ ಒಟ್ಟಿಗೆ ಬದಲಿಸುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಯನ್ನು ಎಂಜಿನ್ ನಿಲ್ಲಿಸಿ ಮಾಡಿ. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ನೆಲದ ಮ್ಯಾಟ್ ತೆಗೆದು, ಟಾರ್ಚ್ ಹಿಡಿದು ಪೆಡಲ್‌ನ ಮೇಲ್ಭಾಗವನ್ನು ನೋಡುತ್ತ ಪೆಡಲನ್ನು ಕೈಯಿಂದ ನಿಧಾನವಾಗಿ ಒತ್ತಿ. ಪೆಡಲ್ ತಿರುಗುವ ಮೊದಲೇ ಅದರ ಮೇಲ್ತುದಿಯ ಗುಂಬ (ಶಾಫ್ಟ್ ತೂರಿರುವ ದುಂಡನೆಯ ಭಾಗ) ಶಾಫ್ಟ್‌ನ ಮೇಲೆ ಹಿಂದೆಮುಂದೆ ಸರಿದರೆ ಬುಷ್ ಸವೆದಿದೆ. ಗುಂಬ ಸರಿಯಾಗಿ ತಿರುಗುತ್ತಿದ್ದು, ಪುಶ್‌ರಾಡ್ ಮುಂದೆ ಹೋಗುವ ಮೊದಲು ಪಿನ್ ತೂತಿನೊಳಗೆ ಸರಿದಾಡಿದರೆ ಸವೆತ ಪಿನ್ನಿನಲ್ಲಿದೆ ಅಥವಾ ತೂತಿನಲ್ಲಿದೆ. ಇವೆರಡೂ ಬಿಗಿಯಾಗಿದ್ದು, ಪುಶ್‌ರಾಡ್ ಪೂರ್ತಿ ಚಲಿಸಿದರೂ ಕ್ಲಚ್ ಬಿಡುತ್ತಿಲ್ಲವಾದರೆ ದೋಷ ಮುಂದೆ ಎಲ್ಲೋ ಇದೆ. ಪೆಡಲ್ ಬಿಚ್ಚಿ ಪ್ರಯೋಜನವಿಲ್ಲ. ಹಾಗೆಯೇ ಪುಶ್‌ರಾಡ್ ಮಾಸ್ಟರ್ ಸಿಲಿಂಡರಿನೊಳಗೆ ಹೋಗುವಲ್ಲಿರುವ ರಬ್ಬರ್ ಹೊದಿಕೆಯ ಅಂಚನ್ನು ಸ್ವಲ್ಪ ಎತ್ತಿ ನೋಡಿ. ಅಲ್ಲಿ ಒದ್ದೆಯಿದ್ದರೆ ಸಿಲಿಂಡರಿನ ಸೀಲ್ ಸೋರುತ್ತಿದೆ ಎಂದರ್ಥ, ಅದನ್ನು ಮೊದಲು ಸರಿಪಡಿಸಬೇಕು. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ದ್ರವ ಒಂದೇ ಡಬ್ಬಿಯಿಂದ ಬರುವುದರಿಂದ ಈ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮನೆಯಲ್ಲಿ ಮಾಡಬಹುದೇ ಎಂಬ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಶಾಫ್ಟ್‌ನ ಮೇಲೆ ಟಾರ್ಚ್ ಬಿಟ್ಟು ನೋಡಿದಾಗ. ಕೆಲವು ಕಾರುಗಳಲ್ಲಿ ಕ್ಲಚ್ ಪೆಡಲ್‌ಗೆ ತನ್ನದೇ ಬೋಲ್ಟ್ ಇರುತ್ತದೆ. ಅಂಥ ಕಡೆ ಧೈರ್ಯವಾಗಿ ಮುಂದುವರಿಯಿರಿ. ಇನ್ನು ಕೆಲವದರಲ್ಲಿ ಒಂದೇ ಉದ್ದದ ಶಾಫ್ಟ್ ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳೆರಡನ್ನೂ ಹೊತ್ತಿರುತ್ತದೆ. ಅದನ್ನು ಎಳೆದರೆ ಬ್ರೇಕ್ ಪೆಡಲ್ ಕೂಡ ಕಳಚುತ್ತದೆ, ಅಂದರೆ ನೀವು ಮಾಡುತ್ತಿರುವುದು ಬ್ರೇಕಿನ ಕೆಲಸವಾಗುತ್ತದೆ. ಬ್ರೇಕ್ ಬಿಚ್ಚಿ ಜೋಡಿಸಿ ಅನುಭವವಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾರನ್ನು ಬಲ್ಲ ಮೆಕ್ಯಾನಿಕ್‌ಗೆ ಒಪ್ಪಿಸಿ. ಮಾಸ್ಟರ್ ಸಿಲಿಂಡರನ್ನು ಹಿಡಿದಿರುವ ನಟ್‌ಗಳನ್ನೂ ಬಿಚ್ಚಿ ಇಡೀ ಬ್ರಾಕೆಟ್ ತೆಗೆಯಬೇಕಾದ ರಚನೆಯಿದ್ದರೂ ನನ್ನ ಸಲಹೆ ಇದೇ.

ಕೆಲಸಕ್ಕೆ ಇಳಿಯುವಾಗ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಸ್ಟೀರಿಂಗ್‌ನಲ್ಲಿ ಅಥವಾ ಮೊಣಕಾಲಿನ ಬಳಿ ಏರ್‌ಬ್ಯಾಗ್ ಇದ್ದರೆ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಡ್ಯಾಶ್‌ಬೋರ್ಡ್‌ನ ಕೆಳಗಿನ ಪ್ಲಾಸ್ಟಿಕ್ ಫಲಕ ಬಿಚ್ಚಿ. ಬಿಚ್ಚುವ ಪ್ರತಿ ಭಾಗದ ಫೋಟೊ ತೆಗೆದುಕೊಳ್ಳಿ. ಪಿನ್ ಯಾವ ಬದಿಯಿಂದ ಸೇರಿತ್ತು, ವಾಷರ್ ಎಲ್ಲಿತ್ತು, ಸ್ಪ್ರಿಂಗ್‌ನ ಕೊಕ್ಕೆ ಯಾವ ಕಡೆಗಿತ್ತು ಎಂಬುದು ಜೋಡಿಸುವ ಹೊತ್ತಿಗೆ ನೆನಪಿರುವುದಿಲ್ಲ.

ಇಡೀ ಕೆಲಸದಲ್ಲಿ ಪೆಟ್ಟಾಗುವ ಸಂಭವ ಹೆಚ್ಚಿರುವುದು ಸ್ಪ್ರಿಂಗ್‌ನಿಂದ. ಹಲವು ಕಾರುಗಳಲ್ಲಿ ಕಾಲಿನ ಶ್ರಮ ಕಡಿಮೆ ಮಾಡಲು ಒಂದು ಬಲವಾದ ಸಹಾಯಕ ಸ್ಪ್ರಿಂಗ್ ಇರುತ್ತದೆ. ಅದು ವಿಶ್ರಾಂತಿಯಲ್ಲಿ ಪೆಡಲನ್ನು ಮೇಲೆ ಹಿಡಿದಿದ್ದು, ಪೆಡಲ್ ನಡುಹಂತ ದಾಟಿದ ಮೇಲೆ ಕೆಳಕ್ಕೆ ತಳ್ಳಲು ನೆರವಾಗುತ್ತದೆ. ಈ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲಿಯೇ ಇರುವುದರಿಂದ, ಹಿಡಿತ ತಪ್ಪಿದರೆ ಮುಖದ ಕಡೆಗೇ ಚಿಮ್ಮಬಲ್ಲದು, ಏಕೆಂದರೆ ಈ ಕೆಲಸ ಮಾಡುವಾಗ ನಿಮ್ಮ ಮುಖ ಅದರ ಹತ್ತಿರವೇ ಇರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕದೆ ಕೈ ಇಡಬೇಡಿ. ಸ್ಪ್ರಿಂಗನ್ನು ಗಟ್ಟಿಯಾದ ಕೇಬಲ್ ಟೈಗಳಿಂದ ಬಿಗಿದು ಅಥವಾ ಆ ಮಾದರಿಗೆಂದೇ ಇರುವ ಹಿಡಿಕೆ ಬಳಸಿ ಭದ್ರಪಡಿಸಿಕೊಂಡು, ಆಮೇಲೆ ಹೊರತೆಗೆಯಿರಿ. ಬರೀ ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಅನಂತರ ಪೆಡಲ್‌ನ ಸ್ವಿಚ್‌ನ ತಂತಿ ಕಳಚಿ, ಪುಶ್‌ರಾಡ್‌ನ ಕವಲು ತುದಿಯಲ್ಲಿರುವ ಕ್ಲಿಪ್ ತೆಗೆದು, ಪಿನ್ ಎಳೆಯಿರಿ. ಪುಶ್‌ರಾಡ್‌ನ ಉದ್ದವನ್ನು ಹಿಡಿದಿಡುವ ಲಾಕ್‌ನಟ್ ಮುಟ್ಟಬೇಡಿ. ಶಾಫ್ಟ್ ಬೋಲ್ಟ್‌ನ ತಲೆಯನ್ನು ಒಂದು ಸ್ಪ್ಯಾನರ್‌ನಿಂದ ಹಿಡಿದು, ಇನ್ನೊಂದು ಬದಿಯ ನಟ್ ಬಿಚ್ಚಿ, ಬೋಲ್ಟ್ ಎಳೆದರೆ ಪೆಡಲ್ ಕೈಗೆ ಬರುತ್ತದೆ. ಹಳೆಯ ಬುಷ್ ಸಾಮಾನ್ಯವಾಗಿ ನೈಲಾನಿನದು, ಬೆರಳಿನಿಂದಲೋ ಸಣ್ಣ ಪೆಟ್ಟಿನಿಂದಲೋ ಹೊರಬರುತ್ತದೆ. ತೂತಿನೊಳಗಿನ ಹಳೆಯ ಗ್ರೀಸ್ ಮತ್ತು ಧೂಳಿನ ಮಿಶ್ರಣವನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಆ ಧೂಳೇ ಬುಷ್ಷನ್ನು ಅರೆದುಹಾಕುತ್ತದೆ.

ಇಲ್ಲಿ ಅವಸರ ಬೇಡ. ಶಾಫ್ಟ್‌ನ ಮೇಲೆ ಉಗುರನ್ನು ಉದ್ದಕ್ಕೆ ಎಳೆದು ನೋಡಿ. ಉಗುರು ಎಲ್ಲಿಯಾದರೂ ಮೆಟ್ಟಿಲಿಗೆ ಸಿಕ್ಕಂತೆ ನಿಂತರೆ ಶಾಫ್ಟ್ ಕೂಡ ಸವೆದಿದೆ, ಹೊಸ ಬುಷ್ ಹಾಕಿದರೂ ಅಲುಗಾಟ ಹೋಗುವುದಿಲ್ಲ. ಬರೀ ತುಕ್ಕಿನ ಪದರವಿದ್ದರೆ ನಯವಾದ ಎಮರಿ ಕಾಗದದಿಂದ ಉಜ್ಜಿದರೆ ಸಾಕು. ಪಿನ್ ಸೇರುವ ತೂತು ಉದ್ದವಾಗಿ ಹಿಗ್ಗಿದ್ದರೆ ಬೇರೆ ಪೆಡಲ್ ಹಾಕಬೇಕು, ಇಲ್ಲವೆ ಲೇತ್ ಕೆಲಸದವರಿಂದ ತೂತನ್ನು ದುಂಡಗೆ ಹಿಗ್ಗಿಸಿ ಸ್ಲೀವ್ ಕೂರಿಸಿಕೊಳ್ಳಬೇಕು. ಬ್ರಾಕೆಟ್‌ನ ಬೆಸುಗೆಗಳಲ್ಲಿ ಬಿರುಕು ಇದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ, ಏಕೆಂದರೆ ಪೆಡಲ್ ಅಡ್ಡಿಯಿಲ್ಲದೆ ಅದು ಕಾಣುವ ಸಮಯ ಇದೊಂದೇ.

ಹೊಸ ಬುಷ್ಷನ್ನು ಮೊದಲು ಗ್ರೀಸ್ ಇಲ್ಲದೆ ಕೂರಿಸಿ ನೋಡಿ. ಅದು ಕೈಯಿಂದ ಸರಾಗವಾಗಿ ತಿರುಗಬೇಕು, ಆದರೆ ತೂಗಾಡಬಾರದು. ಬಹಳ ಕಡೆ ಎರಡು ಬುಷ್‌ಗಳ ಒಳಗೆ ಒಂದು ಲೋಹದ ಕೊಳವೆ ಇರುತ್ತದೆ. ಬೋಲ್ಟ್ ಬಿಗಿಯುವಾಗ ಒತ್ತಡವನ್ನು ಹೊರುವುದು ಆ ಕೊಳವೆ. ಬುಷ್ ಅದರ ಮೇಲೆ ಸ್ವತಂತ್ರವಾಗಿ ತಿರುಗುತ್ತದೆ. ಹಳೆಯ ಬುಷ್ ಜೊತೆಗೆ ಕೊಳವೆಯನ್ನೂ ಎಸೆದುಬಿಟ್ಟರೆ, ಬೋಲ್ಟ್ ಬಿಗಿದಂತೆ ಪೆಡಲ್ ಜಾಮ್ ಆಗುತ್ತದೆ, ಸಡಿಲ ಬಿಟ್ಟರೆ ಬೋಲ್ಟ್ ಕಳಚುವ ಅಪಾಯವಿರುತ್ತದೆ. ಕೊಳವೆ ಸರಿಯಾಗಿದ್ದರೆ ಅದರ ಮೇಲೆ ತೆಳುವಾಗಿ ಗ್ರೀಸ್ ಸವರಿ ಜೋಡಿಸಿ, ನಟ್ಟನ್ನು ಕೈಪಿಡಿಯಲ್ಲಿ ಕೊಟ್ಟಿರುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿಯಿರಿ. ಒಳಗೆ ನೈಲಾನ್ ಬಳೆಯಿರುವ ಲಾಕ್‌ನಟ್ ಆಗಿದ್ದರೆ ಹೊಸದನ್ನೇ ಹಾಕಿ. ಸ್ಪ್ಲಿಟ್ ಪಿನ್ ಇದ್ದಲ್ಲಿ ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ; ಒಮ್ಮೆ ಬಾಗಿದ ತಂತಿ ಎರಡನೆಯ ಬಾರಿಗೆ ತುಂಡಾಗುವುದು ಸುಲಭ.

ಎಂಜಿನ್ ಚಾಲೂ ಮಾಡುವ ಮೊದಲು ಪೆಡಲನ್ನು ಹಲವು ಬಾರಿ ಪೂರ್ತಿ ಒತ್ತಿ ಬಿಡಿ. ಅದು ಪ್ರತಿ ಸಲವೂ ತಾನಾಗಿ ಮೇಲಿನ ತಡೆಯವರೆಗೆ ಮರಳಬೇಕು, ಬ್ರೇಕ್ ಪೆಡಲ್‌ಗಾಗಲಿ ಮ್ಯಾಟ್‌ಗಾಗಲಿ ತಾಗಬಾರದು. ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಾಗಿದ್ದರೆ ಸ್ವಿಚ್ ಕೆಲಸ ಮಾಡುತ್ತಿದೆಯೇ ನೋಡಿ. ಬ್ರೇಕ್ ದೀಪವನ್ನೂ ಪರೀಕ್ಷಿಸಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಕೆಲವು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕರಕರ ನಿಂತಿದ್ದರೆ ಆ ಸದ್ದಿಗೆ ಪೆಡಲ್‌ನ ಸವೆತವೇ ಕಾರಣವಾಗಿತ್ತು. ನಿಲ್ಲದಿದ್ದರೆ ಪೈಪಿನಲ್ಲಿ ಗಾಳಿ ಸೇರಿರುವುದು, ಆ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ದೋಷ, ಕ್ಲಚ್ಚಿನದೇ ದೋಷ ಇವುಗಳ ಕಡೆಗೆ ಗಮನ ಕೊಡಬೇಕಾಗುತ್ತದೆ.

ಪ್ರಶ್ನೆ: ಪೆಡಲ್‌ನ ಬುಷ್ ಮತ್ತು ಪಿನ್ ಎರಡನ್ನೂ ಬದಲಿಸಿದೆ. ಅಲುಗಾಟ ಹೋಯಿತು. ಆದರೆ ಈಗ ಪೆಡಲ್ ಬಹುತೇಕ ಮೇಲೆ ಬಂದ ನಂತರವೇ ಕ್ಲಚ್ ಹಿಡಿಯುತ್ತದೆ, ಏರಿನಲ್ಲಿ ಎಂಜಿನ್ ಕೂಗುತ್ತದೆ, ಕಾರು ಎಳೆಯುವುದಿಲ್ಲ. ಮೊದಲು ಹೀಗಿರಲಿಲ್ಲ. ಹೊಸ ಬಿಡಿಭಾಗ ತಪ್ಪಾಗಿರಬಹುದೇ?

ಉತ್ತರ: ಬಿಡಿಭಾಗಕ್ಕಿಂತ ಹೊಂದಾಣಿಕೆಯ ಮೇಲೆ ನನಗೆ ಹೆಚ್ಚು ಅನುಮಾನ. ಬುಷ್ ಸವೆಯುತ್ತ ಹೋದಾಗ, ಅದನ್ನು ಬದಲಿಸುವ ಬದಲು ಪುಶ್‌ರಾಡನ್ನು ಉದ್ದ ಮಾಡಿ ಖಾಲಿ ಚಲನೆಯನ್ನು ಮುಚ್ಚಿಬಿಡುವ ಅಭ್ಯಾಸವಿದೆ. ನಿಮ್ಮ ಕಾರಿನಲ್ಲಿಯೂ ಹಿಂದೆ ಯಾರೋ ಹಾಗೆ ಮಾಡಿರುವ ಸಾಧ್ಯತೆಯಿದೆ. ಈಗ ಸವೆತ ಹೋಗಿದೆ, ಉದ್ದ ಮಾತ್ರ ಉಳಿದಿದೆ. ಹಾಗಾಗಿ ಕಾಲು ತೆಗೆದಾಗಲೂ ಪುಶ್‌ರಾಡ್ ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮಾತ್ರ ದ್ರವ ಡಬ್ಬಿಗೆ ಮರಳುವ ಸಣ್ಣ ರಂಧ್ರ ತೆರೆಯುತ್ತದೆ. ಅದು ಮುಚ್ಚಿಯೇ ಇದ್ದರೆ ಒತ್ತಡ ಪೈಪಿನಲ್ಲಿ ಉಳಿದು, ಬಿಸಿಯಾದಂತೆ ದ್ರವ ಹಿಗ್ಗಿ, ಕ್ಲಚ್ ಅರ್ಧ ಬಿಟ್ಟ ಸ್ಥಿತಿಯಲ್ಲಿ ಜಾರುತ್ತದೆ.

ಪೆಡಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಆರಂಭದಲ್ಲಿ ಸ್ವಲ್ಪವೂ ಸಡಿಲು ಇಲ್ಲದಿದ್ದರೆ ಈ ಊಹೆ ಸರಿ. ಲಾಕ್‌ನಟ್ ಸಡಿಲಿಸಿ, ಪುಶ್‌ರಾಡನ್ನು ಸ್ವಲ್ಪ ಸ್ವಲ್ಪವಾಗಿ ತಿರುಗಿಸಿ ಗಿಡ್ಡ ಮಾಡುತ್ತ, ಕೈಪಿಡಿಯಲ್ಲಿ ಹೇಳಿರುವ ಸಡಿಲು ಸಿಕ್ಕಾಗ ನಿಲ್ಲಿಸಿ, ಲಾಕ್‌ನಟ್ ಮತ್ತೆ ಬಿಗಿಯಿರಿ. ಸ್ಕೇಲನ್ನು ಪೆಡಲ್‌ನ ಪಕ್ಕದಲ್ಲಿ ಹಿಡಿದು ಅಳೆಯಿರಿ, ಕಣ್ಣಂದಾಜು ಸಾಲದು. ಕೇಬಲ್ ಇರುವ ಕಾರಿನಲ್ಲಿ ಈ ಹೊಂದಾಣಿಕೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಕಡೆಯ ತುದಿಯ ನಟ್‌ನಲ್ಲಿರುತ್ತದೆ. ಕೆಲವದರಲ್ಲಿ ಪೆಡಲ್‌ನಲ್ಲೇ ಹಲ್ಲುಗಳಿರುವ ಸ್ವಯಂ ಹೊಂದಾಣಿಕೆಯ ಭಾಗವಿದ್ದು, ಅದನ್ನು ಕೈಯಿಂದ ತಿರುಗಿಸುವ ಅಗತ್ಯವಿಲ್ಲ. ಹೊಂದಾಣಿಕೆ ಆಗುವವರೆಗೆ ದಯವಿಟ್ಟು ಕಾರು ಓಡಿಸಬೇಡಿ. ಜಾರುವ ಪ್ಲೇಟ್ ಬೇಗ ಕಾಯುತ್ತದೆ, ಚೆನ್ನಾಗಿದ್ದ ಕ್ಲಚ್ ಈ ಸಣ್ಣ ಕಾರಣಕ್ಕೆ ಸುಟ್ಟುಹೋಗಬಾರದು. ಸಡಿಲು ಸರಿಯಾದ ಮೇಲೂ ಜಾರಿದರೆ ಪ್ಲೇಟ್ ಪರೀಕ್ಷಿಸಲೇಬೇಕು.

ಪ್ರಶ್ನೆ: ಪೆಡಲ್ ಕಿರುಗುಟ್ಟಿದಾಗಲೆಲ್ಲ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುತ್ತೇನೆ. ವಾರದಲ್ಲಿ ಸದ್ದು ಮತ್ತೆ ಬರುತ್ತದೆ. ಬೇರೆ ಯಾವ ಎಣ್ಣೆ ಹಾಕಬೇಕು?

ಉತ್ತರ: ಆ ಸ್ಪ್ರೇ ತೆಳುವಾದದ್ದು, ಉಳಿದಿದ್ದ ಹಳೆಯ ಗ್ರೀಸನ್ನೂ ತೊಳೆದು ತಾನೂ ಆರಿಹೋಗುತ್ತದೆ, ಅದರ ತೇವಕ್ಕೆ ಧೂಳು ಅಂಟುತ್ತದೆ. ಅದನ್ನು ನಿಲ್ಲಿಸಿ. ಮೊದಲು ಪೆಡಲ್ ಅಲುಗಾಡುತ್ತಿದೆಯೇ ನೋಡಿ. ಅಲುಗಾಡುತ್ತಿದ್ದರೆ ಯಾವ ಎಣ್ಣೆಯೂ ಸಾಲದು, ಬುಷ್ ಬದಲಿಸಬೇಕು. ಅಲುಗಾಟವಿಲ್ಲದಿದ್ದರೆ ನೈಲಾನ್ ಬುಷ್‌ಗೆ ಮತ್ತು ರಬ್ಬರ್ ಇರುವ ಕಡೆಗಳಿಗೆ ಸಿಲಿಕೋನ್ ಗ್ರೀಸ್, ಕಂಚಿನ ಬುಷ್‌ಗೆ ಲಿಥಿಯಂ ಗ್ರೀಸ್ ಸರಿಹೊಂದುತ್ತದೆ. ಮಾಸ್ಟರ್ ಸಿಲಿಂಡರಿನ ರಬ್ಬರ್ ಹೊದಿಕೆಗೆ ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ತಾಗಿಸಬೇಡಿ, ಬ್ರೇಕ್ ದ್ರವಕ್ಕೆಂದು ಮಾಡಿದ ರಬ್ಬರ್ ಅದರಿಂದ ಉಬ್ಬಿ ಕೆಡುತ್ತದೆ. ಕಾಲಿಡುವ ರಬ್ಬರ್ ಪ್ಯಾಡ್‌ಗಂತೂ ಎಣ್ಣೆ ಅಥವಾ ಗ್ರೀಸ್ ಏನೂ ಸೋಂಕಬಾರದು. ಸವೆದ ಪ್ಯಾಡನ್ನು ಬದಲಿಸುವಾಗ ಹೊಸದನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆದುವಾದ ಮೇಲೆ ತೊಡಿಸಿದರೆ ಸುಲಭವಾಗಿ ಕೂರುತ್ತದೆ.