ಸಹಾಯಕ ಕೋಚ್ ವೈರಿ ತಂಡ ಸೇರಿದರೆ ಅಷ್ಟು ಸಿಟ್ಟೇಕೆ?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟವದು) ಸಹಾಯಕ ಕೋಚ್ ಒಬ್ಬರು ಬದ್ಧವೈರಿ ತಂಡಕ್ಕೆ ಹೋದರೆ ಜನ ಅಷ್ಟೊಂದು ಕೆರಳುವುದೇಕೆ, ಕಂಪನಿ ಬದಲಿಸಿದ ಹಾಗೆ ತಾನೇ ಎಂದು ಕೇಳಿದ್ದೀರಿ. ಮಿಶಿಗನ್ ವಿಶ್ವವಿದ್ಯಾಲಯದ ತಂಡವನ್ನು ತುಂಬಾ ಹಚ್ಚಿಕೊಂಡಿರುವ ನನಗೆ ತಕ್ಷಣ ನೆನಪಾಗುವುದು 2019ರ ಜನವರಿ. ನಮ್ಮ ಇಬ್ಬರು ಸಹಾಯಕ ಕೋಚ್‌ಗಳು, ಗ್ರೆಗ್ ಮ್ಯಾಟಿಸನ್ ಮತ್ತು ಆಲ್ ವಾಷಿಂಗ್ಟನ್, ಒಬ್ಬರ ಬೆನ್ನಿಗೆ ಒಬ್ಬರು ನಮ್ಮ ಬದ್ಧವೈರಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಸೇರಿದರು.

ಆ ಹಗೆ ಎಂಥದ್ದೆಂದರೆ, ಪಂದ್ಯದ ವಾರ ಓಹಾಯೋ ಸ್ಟೇಟ್ ಆವರಣದ ಫಲಕಗಳಲ್ಲಿ ‘ಎಂ’ ಅಕ್ಷರ ಕಂಡಲ್ಲೆಲ್ಲ ಕೆಂಪು ಪಟ್ಟಿ ಅಂಟಿಸುತ್ತಾರೆ. ಅವರ ಹಳೆಯ ಕೋಚ್ ವುಡಿ ಹೇಯ್ಸ್ ಕೈಕೆಳಗೆ ಪಳಗಿದ ಬೋ ಶೆಂಬೆಕ್ಲರ್ 1969ರಲ್ಲಿ ಮಿಶಿಗನ್‌ನ ಮುಖ್ಯ ಕೋಚ್ ಆಗಿ, ಅದೇ ವರ್ಷ ಗುರುವಿನ ತಂಡವನ್ನೇ 24–12ರಿಂದ ಸೋಲಿಸಿದರು. ಆಗ ನಾವು ಸಂಭ್ರಮಿಸಿದ್ದೆವು ಎಂಬುದನ್ನೂ ಹೇಳಲೇಬೇಕು.

ನಮ್ಮ ಗುಟ್ಟುಗಳೆಲ್ಲ ಅವರೊಂದಿಗೆ ಹೋದವು ಎಂದು ಬಹಳ ಜನ ಕೂಗಾಡಿದರು. ನಾನು ಅದನ್ನು ನಂಬುವುದಿಲ್ಲ. ಮೈದಾನದ ಅಂಚಿನಿಂದ ಆಟಗಾರರಿಗೆ ತೋರಿಸುವ ಸನ್ನೆಗಳನ್ನು ಬದಲಿಸಬಹುದು, ಆಟದ ವಿಡಿಯೊ ಎಲ್ಲರ ಕೈಯಲ್ಲೂ ಇರುತ್ತದೆ. ಇಷ್ಟಕ್ಕೂ 2018ರ ನವೆಂಬರ್‌ನಲ್ಲಿ, ಇಬ್ಬರೂ ನಮ್ಮ ಜೊತೆಗಿದ್ದಾಗಲೇ, ಓಹಾಯೋ ಸ್ಟೇಟ್ ಎದುರು 62–39ರಿಂದ ಸೋತಿದ್ದೆವು. ಅವರು ಹೋದ ಮೇಲೆ, ಮುಂದಿನ ವರ್ಷ, ಸೋತದ್ದು 56–27ರಿಂದ.

ನನ್ನ ಸಂಕಟ ಹುಡುಗರದ್ದು. ಇಲ್ಲಿ ಹೈಸ್ಕೂಲ್ ಆಟಗಾರರ ಮನೆಗೆ ಹೋಗಿ, ಅಪ್ಪ ಅಮ್ಮನ ಎದುರು ಕೂತು, ‘ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಒಪ್ಪಿಸುವ ಕೆಲಸದ ಬಹುಪಾಲು ಸಹಾಯಕ ಕೋಚ್‌ಗಳದ್ದೇ. ಹುಡುಗ ನಂಬುವುದು ಆ ಮನುಷ್ಯನನ್ನು. ಆದರೆ ಸಹಿ ಹಾಕುವುದು ಕಾಲೇಜಿಗೆ. ಬಹುತೇಕರು ಡಿಸೆಂಬರ್‌ನಲ್ಲಿ ಸಹಿ ಹಾಕಿ ಮುಗಿಸಿರುತ್ತಾರೆ, ಕೋಚ್ ಜನವರಿಯಲ್ಲಿ ಹೊರಡುತ್ತಾರೆ. ಆಗಿನ ನಿಯಮದಲ್ಲಿ ಆಟಗಾರ ಬೇರೆ ಕಾಲೇಜಿಗೆ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಕೋಚ್ ಮಾತ್ರ ಮರುದಿನವೇ ಎದುರಾಳಿಯ ಅಂಗಿ ತೊಡಬಹುದಿತ್ತು. ಇದು ಅನ್ಯಾಯ, ಇವತ್ತಿಗೂ ಹಾಗೆಯೇ ಹೇಳುತ್ತೇನೆ.

ಹಾಗೆಂದು ವಾಷಿಂಗ್ಟನ್ ಅವರನ್ನು ದ್ರೋಹಿ ಎನ್ನಲು ನನಗೆ ಮನಸ್ಸಿಲ್ಲ. ಅವರು ಬೆಳೆದ ಊರು ಓಹಾಯೋ ಸ್ಟೇಟ್ ಇರುವ ಕೊಲಂಬಸ್, ತಂದೆ ಓಹಾಯೋ ಸ್ಟೇಟ್‌ಗೇ ಆಡಿದವರು. ನಮ್ಮಲ್ಲಿ ಇದ್ದದ್ದು ಒಂದೇ ಸೀಸನ್. ಮುಖ್ಯ ಕೋಚ್ ಕೆಲಸ ಹೋದರೆ ಸಹಾಯಕರೂ ಗಂಟುಮೂಟೆ ಕಟ್ಟಬೇಕಾದ ವೃತ್ತಿಯಿದು. 2021ರಲ್ಲಿ ನಾವು 42–27ರಿಂದ ಗೆದ್ದ ಮೇಲೆ ಓಹಾಯೋ ಸ್ಟೇಟ್ ಅವರನ್ನು ಉಳಿಸಿಕೊಳ್ಳಲಿಲ್ಲ. ಅವರು ನೋಟರ್ ಡೇಮ್ ಎಂಬ ಇನ್ನೊಂದು ವಿಶ್ವವಿದ್ಯಾಲಯದ ತಂಡಕ್ಕೆ ಹೋದರು. ಮ್ಯಾಟಿಸನ್ ವಿಷಯದಲ್ಲಿ ಮಾತ್ರ ನನ್ನ ನೋವು ಇನ್ನೂ ಆರಿಲ್ಲ, ಅವರು 2011ರಿಂದ ನಮ್ಮವರಾಗಿದ್ದರು.

2021ರಲ್ಲಿ ಆಟಗಾರರಿಗೂ ವರ್ಷವಿಡೀ ಕೂರದೆ ಒಂದು ಸಲ ತಂಡ ಬದಲಿಸಲು ಅವಕಾಶ ಸಿಕ್ಕಿತು, 2024ರಲ್ಲಿ ಒಂದೇ ಸಲ ಎಂಬ ಮಿತಿಯೂ ಹೋಯಿತು. ಇದರಿಂದ ಆಟವೇ ಹಾಳಾಯಿತು ಎನ್ನುವ ಅಭಿಮಾನಿಗಳು ಬಹಳ. ನಾನು ಹುಡುಗರ ಪರ.